ರೇಡಿಯಪ್ಪನ ಅಪ್ಪಣೆ

ಬೆಳಿಗ್ಗೆ ಎದ್ದಾಗ ಬಸವರಾಜುವಿನ ಗಂಟಲು ಅವನದಾಗಿರಲಿಲ್ಲ. ಎಂಜಲು ನುಂಗಿದರೆ ಸೀಮೆಎಣ್ಣೆಯ ವಾಸನೆ ಮೂಗಿಗೆ ಏರಿತು. ತಗಡಿನ ಆಲಿಕೆಯ ಅಂಚು ಒತ್ತಿ ಒತ್ತಿ ಕೆಳತುಟಿಯ ಒಳಗೆ ಎದ್ದಿದ್ದ ಗೆರೆಯನ್ನು ನಾಲಗೆ ತಾನಾಗಿ ಹೋಗಿ ಮುಟ್ಟಿ ಬಂತು. ಮೆಲ್ಲಗೆ ಕೆಮ್ಮಿದ. ಆ ಕೆಮ್ಮು ಬೇರೆ ಯಾರದೋ ಅನ್ನಿಸಿತು. ಯಾರದು ಎಂದು ಹುಡುಕುತ್ತ ಜಂತೆ ನೋಡುತ್ತ ಮಲಗಿದ. ಮೈಸೂರಿನ ಹಾಸ್ಟೆಲಿನ ವಾರ್ಡನ್ನರದಿರಬಹುದು, ತರ್ಕಶಾಸ್ತ್ರದ ಮೇಷ್ಟರದಿರಬಹುದು, ಇಲ್ಲವೇ ಮೂಗಿನಲ್ಲಿ ಒಂದು ತೊಗರಿಬೇಳೆ ಸಿಕ್ಕಿಕೊಂಡವನಂತೆ ಯುದ್ಧದ ಸುದ್ದಿ ಓದುತ್ತಿದ್ದ ಆ ರೇಡಿಯೋದ ಮನುಷ್ಯನದಿರಬಹುದು. ಇಷ್ಟು ಜನರ ಕೆಮ್ಮು ಕಲಿತವನಿಗೆ ಸ್ವಂತದ್ದೊಂದು ಎಲ್ಲಿ ಕಳೆದುಹೋಯಿತೋ. ಅಡುಗೆಮನೆಯಿಂದ ಅತ್ತೆ ರೇವಮ್ಮನ ದನಿ ಬಂತು: "ಎದ್ದರೇನೇ ನಮ್ಮ ಬಿ.ಎ.ನೋರು? ಹೊತ್ತು ನೆತ್ತಿಗೆ ಬಂತು." ಅವನ ತುಟಿ ಸದ್ದಿಲ್ಲದೆ ಆ ಮಾತನ್ನೇ ಆಡಿ ಮುಗಿಸಿತು, 'ನೋರು' ಎನ್ನುವಲ್ಲಿ ಅತ್ತೆಯ ಮೂಗಿನ ಹೊಳ್ಳೆ ಅಗಲವಾಗುವುದೂ ಸೇರಿ. ಬಿ.ಎ. ಎಂದರೆ ಬರೀ ಅಳಿಯ ಎಂದು ಮದುವೆಯಾದ ಹೊಸತರಲ್ಲಿ ಅವನೇ ಹೇಳಿ ಹೆಂಡತಿಯನ್ನು ನಗಿಸಲು ನೋಡಿದ್ದ. ಗಂಗಾಂಬಿಕೆ ನಕ್ಕಿರಲಿಲ್ಲ. "ಇರೋದನ್ನ ಹೇಳಿದ್ರೆ ನಗು ಎಲ್ಲಿಂದ ಬರುತ್ತೆ" ಅಂದಿದ್ದಳು. ಈಗಲೂ ಅವಳೇ ಬಂದು ಮೆಣಸಿನ ಕಷಾಯದ ಲೋಟವನ್ನು ತಲೆಯ ಹತ್ತಿರ ಇಟ್ಟು, ಅವನ ಮುಖ ನೋಡದೆ, ಹೊದಿಕೆ ಮಡಿಸುತ್ತ ನಿಂತಳು. ಗಂಟಲು ನೋವೆಂದು ಅವನು ಯಾರಿಗೂ ಹೇಳಿರಲಿಲ್ಲ. ದಿನವೂ ಲೋಟ ಬರುತ್ತಿತ್ತು. ಅವಳಿಗೆ ಗೊತ್ತಿದೆಯೇ? ಗೊತ್ತಿದ್ದರೆ ಏಕೆ ಸುಮ್ಮನಿದ್ದಾಳೆ? ಗೊತ್ತಿಲ್ಲದಿದ್ದರೆ ಈ ಮೆಣಸು ಏಕೆ?

ಆ ರೇಡಿಯೋ ಪೆಟ್ಟಿಗೆ ಬಂದದ್ದು ಹಿಂದಿನ ದೀಪಾವಳಿಗೆ. ಹುಣಿಸೆಹಣ್ಣಿನ ವ್ಯಾಪಾರಕ್ಕೆ ಹಾಸನಕ್ಕೆ ಹೋಗಿದ್ದ ಮಾವ ದೊಡ್ಡಯ್ಯನವರು ಮದುಮಗಳನ್ನು ಕರೆತರುವವರ ಹಾಗೆ ಅದಕ್ಕೊಂದು ಹೊಸ ಪಂಚೆ ಹೊದಿಸಿ ರೈಲಿನಲ್ಲಿ ತಂದು ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಇಳಿಸಿದ್ದರು. ಅಂಗಡಿಯವನು ಹೇಳಿದ್ದನಂತೆ: ಲಂಡನ್ನಿನಲ್ಲಿ ಸೀನಿದರೆ ನೀವು ಇಲ್ಲಿ ಮೂಗು ಒರೆಸಿಕೊಳ್ಳಬೇಕು, ಅಂಥ ಯಂತ್ರ. ತಿಪಟೂರಿನಲ್ಲಿ ಕೊಬ್ಬರಿಯ ಧಾರಣೆ ಏಳುವ ಮೊದಲೇ ನಿಮ್ಮ ಜಗಲಿಯಲ್ಲಿ ಏಳುತ್ತದೆ. ಇನ್ನು ಹತ್ತು ವರ್ಷಕ್ಕೆ ಲೋಕದಲ್ಲಿ ಕಳ್ಳತನವೂ ಇರುವುದಿಲ್ಲ, ಸುಳ್ಳೂ ಇರುವುದಿಲ್ಲ. ಎಲ್ಲರಿಗೂ ಎಲ್ಲವೂ ಕೂಡಲೇ ತಿಳಿದುಬಿಡುವಾಗ ಸುಳ್ಳು ಹೇಳುವುದಾದರೂ ಯಾರಿಗೆ? ಬಜಾರಿನ ಬೀದಿಯ ಜಗಲಿಗೂ ಒಳಕೋಣೆಗೂ ನಡುವೆ ಇದ್ದ ಕಿಟಕಿಯ ಸರಳು ಕೀಳಿಸಿ, ಮುಖ ಜನರ ಕಡೆಗೆ, ಬೆನ್ನು ಕೋಣೆಗೆ ಆಗುವಂತೆ ಪೆಟ್ಟಿಗೆಯನ್ನು ಕೂರಿಸಿ, ಸಂದಿಗೆಲ್ಲ ಪರದೆ ಕಟ್ಟಿದ್ದಾಯಿತು. ಹಿಂದುಗಡೆಯ ಬ್ಯಾಟರಿಗಳನ್ನು ಮುಟ್ಟಿದರೆ ಕೈ ಸುಟ್ಟುಹೋಗುತ್ತದೆಂದು ಅಂಗಡಿಯವನು ಹೆದರಿಸಿದ್ದರಿಂದ ಕೋಣೆಗೆ ಯಾರೂ ಕಾಲಿಡುವ ಹಾಗಿರಲಿಲ್ಲ, ಇಂಗ್ಲಿಷ್ ಬಲ್ಲ ಅಳಿಯನೊಬ್ಬನನ್ನು ಬಿಟ್ಟು. "ಕಡೆಗೂ ನಿನಗೊಂದು ಕೆಲಸ ಸಿಕ್ತಪ್ಪ" ಎಂದು ದೊಡ್ಡಯ್ಯ ನಾಲ್ಕು ಜನರ ಮುಂದೆ ಅವನ ಬೆನ್ನು ತಟ್ಟಿದ್ದರು. ತಟ್ಟಿದ ಜಾಗ ಆಮೇಲೆ ಎಷ್ಟೋ ದಿನ ತಿನ್ನುತ್ತಿತ್ತು. ರೇವಮ್ಮ ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ ಬಳಿದರು. ಹಳ್ಳಿಯ ಒಕ್ಕಲಗಿತ್ತಿಯರು ಕುಂಕುಮ ಇಟ್ಟು ಹೋದರು. ಯಾವುದು ಮೊದಲು ಇರಬೇಕೆಂಬ ಜಗಳದಲ್ಲಿ ಪೆಟ್ಟಿಗೆಯ ಜಾತಿ ತೀರ್ಮಾನವಾಗದೆ ಉಳಿಯಿತು. ಇನ್ನು ಲಿಂಗಧಾರಣೆಯೊಂದು ಬಾಕಿ ಎಂದು ಬಸವರಾಜು ಗೊಣಗಿಕೊಂಡದ್ದು ಯಾರಿಗೂ ಕೇಳಿಸಲಿಲ್ಲ.

ಹೂವಿನ ವಿಷಯವಂತೂ ಅವನು ಹುಟ್ಟಿಸಿದ್ದಲ್ಲ. ದೇವರ ಹೆಗಲ ಮೇಲೆ ಒದ್ದೆ ಹೂ ಇಟ್ಟು, ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ ಎಂದು ಅಪ್ಪಣೆ ಕೇಳುವ ಜನ ಅವರು. ಪೆಟ್ಟಿಗೆಯ ನೆತ್ತಿಯ ಮೇಲೂ ಹೂ ಇಟ್ಟರು. ಒಳಗಿನ ಗುಂಯ್‌ಗುಡುವ ಸದ್ದಿಗೆ ಹೂ ಜರುಗಿ ಒಂದು ಕಡೆಗೆ ಬಿದ್ದೇ ಬೀಳುತ್ತಿತ್ತು. ರೇಡಿಯಪ್ಪ ಅಪ್ಪಣೆ ಕೊಟ್ಟ ಎಂದು ಕೈಮುಗಿಯುತ್ತಿದ್ದರು. ಅದನ್ನು ಒಳಗಿನಿಂದ ನೋಡಿ ನಗುವಷ್ಟು ಅವನು ಆಗ ಸುಖಿಯಾಗಿದ್ದ. ಆಮೇಲೆ ಶಿವರಾತ್ರಿ ಕಳೆದ ವಾರ, ಹಾಸನದಿಂದ ಚಾರ್ಜಾಗಿ ಬಂದ ಬ್ಯಾಟರಿಯನ್ನು ಸಿಕ್ಕಿಸುವಾಗ, ಹೊರಗೆ ಕೂತ ಗಾಡಿ ಹೊಡೆಯುವ ಕೆಂಪಣ್ಣನ ಉಗ್ಗುಮಾತನ್ನು ಅಣಕಿಸುವ ಗುಂಗಿನಲ್ಲಿ ಇದರ ತಂತಿಯನ್ನು ಅದಕ್ಕೆ ಕೊಟ್ಟುಬಿಟ್ಟ. ಒಳಗೆ ಒಂದು ನೀಲಿ ಕಣ್ಣು ಬಿಟ್ಟು ಮುಚ್ಚಿದ ಹಾಗಾಯಿತು, ಕೂದಲು ಸುಟ್ಟ ವಾಸನೆ ಬಂತು, ಅಷ್ಟೆ. ಪೆಟ್ಟಿಗೆ ಸತ್ತಿತ್ತು. ಪರದೆಯಾಚೆ ಸಿಂಗಾಪುರ ಏನಾಯಿತೆಂದು ಕೇಳಲು ಬಂದ ಜನ ಉಸಿರು ಹಿಡಿದು ಕೂತಿದ್ದರು. "ಏನಪ್ಪಾ, ಕೆಡಿಸಿದೆಯೋ ಹೆಂಗೆ?" ಎಂದು ದೊಡ್ಡಯ್ಯನವರ ದನಿ. ಕೆಡಿಸಿದೆಯೋ ಹೆಂಗೆ. ಅವನು ಕೆಡಿಸಿಯೇ ತೀರುತ್ತಾನೆಂದು ಮೊದಲ ದಿನದಿಂದ ಕಾದಿದ್ದವರ ತೃಪ್ತಿ ಆ ದನಿಯಲ್ಲಿ ಸಿದ್ಧವಾಗಿ ಕೂತಿತ್ತು. ಬಸವರಾಜು ಸೀಮೆಎಣ್ಣೆಯ ಆಲಿಕೆ ಕೈಗೆ ತೆಗೆದುಕೊಂಡ. ವಾರ್ತೆಯವನ ಆ ತೊಗರಿಬೇಳೆಗೆ ಸರಿಯಾಗಿ ಮೂಗನ್ನು ಬಿಗಿಮಾಡಿದ. ಹಲ್ಲಿನ ಸಂದಿಯಲ್ಲಿ ಸೀಟಿ ಹೊಡೆದು, ಒಣ ಬಾಳೆಲೆಯನ್ನು ಹಿಸುಕಿ ಕರಕರ ಎನ್ನಿಸಿ, "ಇದೀಗ ವಾರ್ತೆಗಳು" ಅಂದ. ಆಚೆ ಕಡೆ ಒಂದೇ ಸಲಕ್ಕೆ ಎಲ್ಲರೂ ಉಸಿರು ಬಿಟ್ಟರು.

ಮೊದಮೊದಲು ಅವನು ಸುಳ್ಳು ಹೇಳಲಿಲ್ಲ. ರೈಲಿನಲ್ಲಿ ಬರುವ ಹಳೆಯ ಪತ್ರಿಕೆಯನ್ನೇ ಹೊಸದಾಗಿ ಓದುತ್ತಿದ್ದ. ಪೆಟ್ಟಿಗೆಯ ಗಾಜಿನ ಹಿಂದೆ ಒಂದು ಬುಡ್ಡಿದೀಪ ಹಚ್ಚಿಟ್ಟ. ಅದರ ವಾಸನೆಯನ್ನು ಜನ ಕರೆಂಟಿನ ವಾಸನೆ ಎಂದು ತಿಳಿದರು. ಬ್ಯಾಟರಿ ಮುಗಿಯುವುದೇ ಇಲ್ಲ, ಎಂಥ ಸಾಮಾನು ತಂದಿದ್ದೀನಿ ನೋಡಿ ಎಂದು ದೊಡ್ಡಯ್ಯ ಹೆಮ್ಮೆಪಟ್ಟರು. ಆದರೆ ನಿಜದ ಸುದ್ದಿಗೆ ರುಚಿ ಕಡಿಮೆ. ಮಂತ್ರಿಗಳು ಸಭೆ ಸೇರಿದರು ಎಂದರೆ ಜಗಲಿಯಲ್ಲಿ ಆಕಳಿಕೆ ಕೇಳಿಸುತ್ತಿತ್ತು, ಯಾರೋ ನಶ್ಯ ಏರಿಸುತ್ತಿದ್ದರು. 'ಎಚ್ಚರಿಕೆ' ಎಂದರೆ ಸಾಕು, ಮಗುವಿನ ಅಳು ಕೂಡ ನಿಲ್ಲುತ್ತಿತ್ತು. ಆ ಮೌನ! ಕಾಲೇಜಿನ ರಂಗದ ಮೇಲೆ ಪ್ರೊಫೆಸರುಗಳನ್ನು ಅಣಕಿಸಿದಾಗ ನಗು ಸಿಕ್ಕಿತ್ತು, ನಕ್ಕವರು ಮಾರನೆಯ ದಿನ ಅವನನ್ನು ಕೋಡಂಗಿ ಎಂದು ಕರೆದಿದ್ದರು. ಹೆದರಿದವರು ಹಾಗೆ ಕರೆಯುವುದಿಲ್ಲ. ಮದರಾಸು ಖಾಲಿಯಾಗುತ್ತಿದೆ ಎಂಬುದು ನಿಜವೇ ಆಗಿತ್ತು, ರೈಲಿನ ತುಂಬ ಹಾಸಿಗೆ ಪಾತ್ರೆಗಳೊಂದಿಗೆ ಜನ ಬಂದಿಳಿಯುತ್ತಿದ್ದರು. ಅದಕ್ಕೆ ಅವನು ಸ್ವಲ್ಪ ಸೇರಿಸಿದ. ಜಪಾನಿನ ವಿಮಾನಕ್ಕೆ ಬೆಳಗಿದ ಕೊಡ ಕಾಣಿಸುತ್ತದೆ ಎಂದ. ಮಾರನೆಯ ದಿನ ಹೊಳೆಗೆ ಬಂದ ಹೆಂಗಸರ ಕೊಡಗಳೆಲ್ಲ ಕೆಸರು ಬಳಿದುಕೊಂಡಿದ್ದವು. ಮಜವೆನಿಸಿ ಇನ್ನೂ ಸ್ವಲ್ಪ ಸೇರಿಸಿದ. ಶತ್ರುವಿನ ಗೂಢಚಾರರು ನಮ್ಮ ಸಿಪಾಯಿಗಳನ್ನು ಹಿಡಿದು, ಅವರ ಮನೆಯ ಸಂಗತಿಯನ್ನೆಲ್ಲ ಬಾಯಿ ಬಿಡಿಸಿ, ಕಟ್ಟಿಕೊಂಡ ಹೆಂಡತಿಯ ಹೆಸರಿಂದ ಕೊಟ್ಟಿಗೆಯ ಎತ್ತಿನ ಹೆಸರಿನವರೆಗೆ ಉರುಹೊಡೆದು, ಅವರದೇ ಉಡುಪು ತೊಟ್ಟು ಊರೂರಿಗೆ ಬರುತ್ತಿದ್ದಾರೆ. ಮೈಬಣ್ಣ ಮಾತ್ರ ಮರೆಸಲಾರರು, ಅರಿಸಿನ ಬಣ್ಣ ನೋಡಿ ಗುರುತಿಸತಕ್ಕದ್ದು. ಇದನ್ನು ಹೇಳಿ ಮುಗಿಸಿದ ಸಂಜೆ ಅವನಿಗೆ ಊಟ ಬಹಳ ಸೇರಿತು. ಕಾಮಾಲೆಯಾದ ದರ್ಜಿಯೊಬ್ಬನಿಗೆ ಸಂತೆಪೇಟೆಯಲ್ಲಿ ಒದೆ ಬಿತ್ತೆಂದು ಕೇಳಿದಾಗಲೂ ಸೇರಿತು. ವಾರ್ತೆ ಇಲ್ಲದ ದಿನ ಜನ ವರಾತ ತೆಗೆಯುತ್ತಾರೆ, ನಾನೇನು ಮಾಡಲಿ, ಎಂದು ಆಲಿಕೆಯನ್ನು ಒರೆಸಿಡುತ್ತ ತನಗೆ ತಾನೇ ಹೇಳಿಕೊಂಡ.

ಮುದುಕಿ ದೊಡ್ಡಮ್ಮನ ಮಾತು ಬೇರೆ. ಕಷಾಯ ಕುಡಿಯುತ್ತ ಅವಳನ್ನು ನೆನೆಯಬಾರದೆಂದುಕೊಂಡ, ನೆನೆದ. ಅರಕಲಗೂಡಿನ ದಾರಿಯ ಒಂದು ಹಳ್ಳಿಯವಳು, ಒಕ್ಕಲಿಗರ ಮನೆ, ಎರಡು ಕಣ್ಣಿಗೂ ಪೊರೆ. ಕಿರಿಯ ಮಗ ರಂಗಸ್ವಾಮಿ ಮಹಾರಾಜರ ಪಡೆಗೆ ಸೇರಿ ಸಿಂಗಾಪುರಕ್ಕೆ ಹೋಗಿದ್ದ. ನರಸೀಪುರದ ಆಚೆ ಎಲ್ಲೋ ಸಿಂಗಾಪುರ ಇರಬೇಕು, ರೈಲಿನಲ್ಲಿ ಇನ್ನೊಂದೆರಡು ಸ್ಟೇಷನ್ನು, ಎಂದು ಅವಳ ಅಂದಾಜು. ಪ್ರತಿ ಸಂತೆಗೂ ಬಂದು ಪೆಟ್ಟಿಗೆಯ ತಲೆಯ ಮೇಲೆ ಒಂದು ಕಣಗಿಲೆ ಹೂವಿಟ್ಟು, "ನನ್ನ ಕೂಸು ಬದ್ಕವ್ನಾ, ರೇಡಿಯಪ್ಪ?" ಎಂದು ಕೇಳುವಳು. ಪೆಟ್ಟಿಗೆ ಸತ್ತ ಮೇಲೆ ಹೂವು ತಾನಾಗಿ ಜರುಗುತ್ತಿರಲಿಲ್ಲ. ಒಳಗಿನಿಂದ ಗೆಣ್ಣಿನಲ್ಲಿ ಮೆತ್ತಗೆ ಕುಟ್ಟಬೇಕಾಗಿತ್ತು. ಅವನು ಕುಟ್ಟುತ್ತಿರಲಿಲ್ಲ. ಹೂ ಅಲ್ಲೇ ಇರುತ್ತಿತ್ತು, ಮುದುಕಿಯೂ ಅಲ್ಲೇ ಇರುತ್ತಿದ್ದಳು, ಗಿರಾಕಿಗಳು ಅವಳನ್ನು ದಾಟಿಕೊಂಡು ಓಡಾಡಬೇಕಾಗಿತ್ತು. "ಅವಳಿಗೊಂದು ಉತ್ತರ ಬರೋ ಹಾಗೆ ಮಾಡಯ್ಯ, ಇದೇನು ನನ್ನ ಅಂಗಡಿಯೋ ಛತ್ರವೋ" ಎಂದು ದೊಡ್ಡಯ್ಯ ರೇಗಿದರು. ಆ ಸಂಜೆ ಗೆಣ್ಣು ಎಡಕ್ಕೆ ಕುಟ್ಟಿತು. ಬಲಕ್ಕೆ ಕುಟ್ಟಿದ್ದರೂ ಆಗುತ್ತಿತ್ತು. ಆದರೆ ಬಲಕ್ಕೆ ಬಿದ್ದಿದ್ದರೆ ಅವಳು ಮುಂದಿನ ಸಂತೆಗೆ ಯಾವಾಗ ಬರುತ್ತಾನೆಂದು ಕೇಳಲು ಬರುತ್ತಿದ್ದಳಲ್ಲ. ಸಾವಿಗೆ ಎರಡನೆಯ ಪ್ರಶ್ನೆ ಇರುವುದಿಲ್ಲ. ಹೂ ಬಿದ್ದ ಮೇಲೆ ದನಿಯನ್ನು ಅರ್ಧ ಇಳಿಸಿ, ಎದೆಯ ಗುಂಡಿಯಿಂದ ಎತ್ತಿ, ರಂಗಸ್ವಾಮಿಯೆಂಬ ವೀರನು ಬೆನ್ನು ತೋರದೆ, ಕೊನೆಯ ಗುಂಡು ಮುಗಿಯುವವರೆಗೆ, ತಾಯಿಯನ್ನು ನೆನೆಯುತ್ತ, ಎಂದೆಲ್ಲ ಹೇಳಿದ. ಇಡೀ ಜಗಲಿ ಅತ್ತಿತು. ಅಂಥ ಸಾವನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ತಾನು ಕೊಟ್ಟ ಸಾವಿಗೆ ತನಗೇ ಕಣ್ಣು ತುಂಬಿ ಬಂದು, ಆಲಿಕೆಯೊಳಗೆ ಒಂದು ಹನಿ ಬಿದ್ದು ಟಪ್ಪೆಂದಿತು. ಅದನ್ನೂ ಜನ ಆಕಾಶದ ಸದ್ದೆಂದರು.

ಇವತ್ತು ಸಂತೆ. ತಿಥಿ ಮುಗಿಸಿದ ದೊಡ್ಡಮ್ಮ ರೇಡಿಯಪ್ಪನಿಗೆ ಕಾಯಿ ಒಡೆಸಲು ಬರುತ್ತಾಳೆಂದು ಕೆಂಪಣ್ಣ ಹೇಳಿ ಹೋಗಿದ್ದ. ಮಧ್ಯಾಹ್ನದ ಊಟಕ್ಕೆ ಕೂತಾಗ ರೇವಮ್ಮ ಗಂಡನ ರೊಟ್ಟಿಯ ಮೇಲೆ ತುಪ್ಪ ಸುರಿದು, ಅಳಿಯನ ರೊಟ್ಟಿಯ ಮೇಲೆ ಮಿಳ್ಳೆಯನ್ನು ಸುಮ್ಮನೆ ಒಮ್ಮೆ ಆಡಿಸಿ ಮುಂದೆ ಹೋದರು. ತುಪ್ಪದ ನೆರಳು ಬಿದ್ದ ರೊಟ್ಟಿಯನ್ನು ಅವನು ಮುರಿದ. "ಇವತ್ತು ಸ್ವಲ್ಪ ಜೋರಾಗಿ ಹೇಳಿಸಪ್ಪ" ಎಂದರು ದೊಡ್ಡಯ್ಯ. "ಸಂತೆ ಜನ ಜಾಸ್ತಿ ಬರ್ತಾರೆ. ಮೊನ್ನೆ ಯಾಕೋ ಪೆಟ್ಟಿಗೆಗೆ ನೆಗಡಿ ಆದಂಗಿತ್ತು." ಗಂಗಾಂಬಿಕೆ ಮಜ್ಜಿಗೆ ಬಡಿಸುತ್ತಿದ್ದವಳು ಸೌಟನ್ನು ಒಂದು ಗಳಿಗೆ ಹಾಗೇ ಹಿಡಿದು, ಮತ್ತೆ ಬಡಿಸಿದಳು. ಬಸವರಾಜು ತಲೆ ಎತ್ತಲಿಲ್ಲ. ಕಾಯಿ ಒಡೆದು ಹೋಗಲಿ, ಆಮೇಲೆ ನಾಳೆಯೇ ಬ್ಯಾಟರಿ ಮುಗಿಯಿತೆಂದು ಹೇಳಿಬಿಡುತ್ತೇನೆ ಅಂದುಕೊಂಡ. ಹಿಂದೆಯೂ ಹೀಗೆಯೇ ಅಂದುಕೊಂಡಿದ್ದ. ಮುಗಿಯಿತೆಂದರೆ ಹಾಸನಕ್ಕೆ ಒಯ್ಯುತ್ತಾರೆ, ಅಲ್ಲಿ ಪೆಟ್ಟಿಗೆಯನ್ನು ಬಿಚ್ಚುತ್ತಾರೆ, ಇದು ಶಿವರಾತ್ರಿಯಿಂದಲೂ ಸತ್ತಿದೆಯಲ್ಲ ಸ್ವಾಮಿ ಎನ್ನುತ್ತಾರೆ. ಆಮೇಲೆ ದೊಡ್ಡಯ್ಯನವರು ಕೋಪಿಸಿಕೊಳ್ಳುವುದಿಲ್ಲ, ನಗುತ್ತಾರೆ. ಇಡೀ ಬಜಾರು ನಗುತ್ತದೆ. ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ.

ಬಿಸಿಲು ಇಳಿಯುವ ಹೊತ್ತಿಗೆ ಜಗಲಿ ತುಂಬಿತು. ಪರದೆಯಲ್ಲಿ ಅವನು ಸುಟ್ಟು ಮಾಡಿಕೊಂಡಿದ್ದ ತೂತಿನಿಂದ ನೋಡಿದ. ದೊಡ್ಡಮ್ಮನನ್ನು ಹಿರಿಯ ಮಗ ಚನ್ನಪ್ಪ ರಟ್ಟೆ ಹಿಡಿದು ಹತ್ತಿಸಿದ. ತಮ್ಮನ ಪಾಲಿನ ಹೊಲವೂ ಈಗ ಒಂದೇ ನೇಗಿಲಿಗೆ ಬಂದ ಸಮಾಧಾನ ಅವನ ನಡಿಗೆಯಲ್ಲಿತ್ತು, ಅಥವಾ ಇರಬೇಕೆಂದು ಬಸವರಾಜು ಬಯಸಿದ. ಹಿಂದೆ ಕಿರಿಸೊಸೆ, ರಂಗಸ್ವಾಮಿಯ ಹೆಂಡತಿ ಅನಸೂಯಮ್ಮ, ಬರಿಗೈ. ಬಳೆ ಒಡೆಯುವಾಗ ಆದ ಗಾಯ ಮಣಿಕಟ್ಟಿನಲ್ಲಿ ಹೆಕ್ಕಳೆಗಟ್ಟಿತ್ತು. ಮದುವೆಯಾದ ತಿಂಗಳಿಗೆ ಗಂಡ ದಂಡಿಗೆ ಹೋದವನು. ಹಗಲಿನಲ್ಲಿ ಅವನ ಮುಖವನ್ನು ಅವಳು ತಲೆಯೆತ್ತಿ ನೋಡಿದ್ದೇ ಇಲ್ಲವೆಂದು ಹೆಂಗಸರು ಆಡಿಕೊಂಡದ್ದು ಬಸವರಾಜುವಿಗೆ ಕೇಳಿಸಿತು. ಅವನು ಬುಡ್ಡಿ ಹಚ್ಚಿ, ಬಾಳೆಲೆ ಹತ್ತಿರ ಎಳೆದುಕೊಂಡು, ಆಲಿಕೆಯನ್ನು ತುಟಿಗೆ ತರುವಷ್ಟರಲ್ಲಿ ಬೀದಿಯ ಕಡೆಯಿಂದ ಗದ್ದಲ ಎದ್ದಿತು. ಸ್ಟೇಷನ್ನಿನ ದಿಕ್ಕಿನಿಂದ ಒಬ್ಬ ಮನುಷ್ಯ ಬರುತ್ತಿದ್ದ, ಹಿಂದೆ ಸಂತೆಯ ಜನ. ಖಾಕಿಯ ಅಂಗಿ, ಬೋಳಿಸಿದ ತಲೆ, ಕುತ್ತಿಗೆಗೆ ಸುತ್ತಿದ ಬಟ್ಟೆ, ಒಂದು ಕಾಲು ಎಳೆಯುತ್ತಿತ್ತು. ಮೈಯೆಲ್ಲ, ಕಣ್ಣಿನ ಬಿಳಿಯೂ ಸೇರಿ, ಅರಿಸಿನ.

"ಅವ್ವಾ" ಎಂದ ಅವನು, ಜಗಲಿಯ ಕೆಳಗೆ ನಿಂತು. ದನಿ ಗರಗಸ ಎಳೆದ ಹಾಗಿತ್ತು.

ದೊಡ್ಡಮ್ಮ ಮುಖ ತಿರುಗಿಸಿದಳು. "ಯಾರಪ್ಪ?"

"ನಾನು ಕಣವ್ವ, ರಂಗ. ಕತ್ತಿಗೆ ಏಟು ಬಿತ್ತು, ಮ್ಯಾಲೆ ಚಳಿಜ್ವರ. ಸಿಂಗಾಪುರ ಬೀಳಾಕೆ ಮುಂಚೇನೇ ಸಮುದ್ರದ ಅಡಗಿಗೆ ಆಕಿ ಕಳಿಸ್ಬುಟ್ರು. ಇಷ್ಟ್ ದಿನ ಆಸ್ಪತ್ರೇಲಿದ್ದೆ. ಅಳದಿ ಗುಳಿಗೆ ತಿಂದೂ ತಿಂದೂ ಮೈಯೆಲ್ಲ ಇಂಗಾಗದೆ."

"ನನ್ನ ರಂಗನ ದನಿ ಇಂಗಿರ್ನಿಲ್ಲ ಕಣಪ್ಪ" ಎಂದಳು ಮುದುಕಿ, ಸಂಕಟದಿಂದ, ಕ್ಷಮೆ ಕೇಳುವವಳ ಹಾಗೆ.

"ಮುಟ್ಟಬ್ಯಾಡ್ರೀ!" ಎಂದು ಕೆಂಪಣ್ಣ ಕೂಗಿದ, ಉಗ್ಗುವುದನ್ನೂ ಮರೆತು. "ರೇಡಿಯಪ್ಪ ಏಳ್ಲಿಲ್ವಾ? ಬಣ್ಣ ನೋಡ್ರಲಾ ಬಣ್ಣವಾ!"

"ಲೇ ಕೆಂಪಣ್ಣ, ನನ್ ಗುರುತು ಸಿಗಾಕಿಲ್ವೇನ್ಲಾ? ನಿನ್ ಗಾಡಿಗೆ ನಮ್ ಎತ್ತು ಕಟ್ಟಿರ್ನಿಲ್ವಾ? ರಾಮ, ಮೊಂಡ. ಮೊಂಡನ ಬಲಗೊಂಬು ಮುರುದಿಲ್ವಾ?"

ಜನ ಒಂದು ಹೆಜ್ಜೆ ಹಿಂದೆ ಸರಿದರು. "ಏಳ್ದ ನೋಡು" ಎಂದಿತು ಒಂದು ದನಿ, ನಡುಗುತ್ತ. "ಎತ್ತಿನ ಎಸರೂ ಏಳ್ದ. ರೇಡಿಯಪ್ಪ ಎಂಗೆ ಏಳಿತ್ತೋ ಅಂಗೇನೇ." ಪರದೆಯ ಹಿಂದೆ ಬಸವರಾಜು ತೂತಿಗೆ ಕಣ್ಣು ಒತ್ತಿದ. ತಾನು ಗಾಳಿಗೆ ಬಿಟ್ಟ ಮಾತು ಕೈಕಾಲು ಬೆಳೆಸಿಕೊಂಡು ಬೀದಿಯಲ್ಲಿ ನಿಂತಿತ್ತು. ಆ ಮನುಷ್ಯ ಸರಿಯಾಗಿ ಹೇಳಿದಷ್ಟೂ ತಪ್ಪಿತಸ್ಥನಾಗುತ್ತಿದ್ದ. ತಂದೆಯ ಹೆಸರು ಹೇಳಿದ, ಬಾವಿಯ ಪಕ್ಕದ ಹುಣಿಸೆಮರ ಹೇಳಿದ, ಹೆಂಡತಿಯ ತವರು ಹೇಳಿದ, ಒಂದೊಂದಕ್ಕೂ ಜನ ಅಯ್ಯಯ್ಯೋ ಎಂದು ಹಿಂದೆ ಸರಿದರು. ಊರಿನಲ್ಲಿ ಇದು ರಂಗಸ್ವಾಮಿಯೇ ಎಂದು ಕಿಂಚಿತ್ತೂ ಸಂಶಯವಿಲ್ಲದೆ ಬಲ್ಲವನು ಒಬ್ಬನೇ ಒಬ್ಬ ಇದ್ದ. ಏಕೆಂದರೆ ಅವನನ್ನು ಕೊಂದಿದ್ದವನೇ ಅವನು.

ಅನಸೂಯಮ್ಮ ಸೆರಗಿನ ಅಂಚನ್ನು ಕಚ್ಚಿ ಹಿಡಿದು ಆ ಹಳದಿ ಮುಖವನ್ನೇ ನೋಡುತ್ತಿದ್ದಳು. "ಹೇಳು ತಾಯಿ, ಇವನೇನಾ?" ಎಂದು ದೊಡ್ಡಯ್ಯ ಕೇಳಿದರು. ಅವಳ ಬಾಯಿ ತೆರೆಯಿತು. ಹೌದೆಂದು ಹೇಳಿ ಆಮೇಲೆ ಅಲ್ಲವಾದರೆ? ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. "ನಂಗೊತ್ತಿಲ್ಲ" ಎಂದು ಪಿಸುಗುಟ್ಟಿ ಬರಿಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಚನ್ನಪ್ಪ ತಮ್ಮನ ಮುಖವನ್ನು ಒಂದು ಸಲ ನೇರವಾಗಿ ನೋಡಿದ, ಆಮೇಲೆ ನೆಲ ನೋಡಿದ. "ತಿಥಿ ಆಗೋಗದೆ" ಎಂದ. ಅಷ್ಟೇ.

ದೊಡ್ಡಮ್ಮ ಕೈ ಚಾಚಿದಳು. ರಂಗಸ್ವಾಮಿ ಜಗಲಿ ಹತ್ತಿ ಮುಖ ಕೊಟ್ಟ. ಅವಳ ಬೆರಳುಗಳು ಬೋಳುತಲೆಯ ಮೇಲೆ, ಗುಳಿಬಿದ್ದ ಕೆನ್ನೆಯ ಮೇಲೆ ತಡಕಾಡಿದವು. "ಅವನಂಗೇ ಅದೆ" ಎಂದಳು. "ಅಂಗೇ ಅದೆ. ಆದ್ರೆ ಆಕಾಸದಲ್ಲಿರೋನು ಸುಳ್ಳು ಯಾಕೆ ಏಳ್ತಾನಪ್ಪ? ಅವನಿಗೇನು ನನ್ನ ಮ್ಯಾಲೆ ಹಗೆಯಾ?" ಕಾಯಿಯ ಜೊತೆ ತಂದಿದ್ದ ಕಣಗಿಲೆಯನ್ನು ಮಡಿಲಿನಿಂದ ತೆಗೆದಳು. "ಇನ್ನೊಂದು ಕಿತಾ ಕೇಳ್ತೀನಿ ತಡೀರಿ. ಅವನೇ ಏಳ್ಲಿ."

"ಅವ್ವಾ, ರೇಡಿಯೋ ಕೇಳಿದ್ಕೆಲ್ಲ ಉತ್ರ ಕೊಡಾಕಿಲ್ಲ ಕಣವ್ವ" ಎಂದ ರಂಗಸ್ವಾಮಿ. "ನಾನು ನೋಡಿವ್ನಿ. ಅದು ಅದರ ಪಾಡಿಗೆ ಒದರ್ತದೆ. ಇಲ್ಲಿ ಯಾವನೋ ಆಟ ಕಟ್ಟವ್ನೆ. ಒಳಗೆ ಯಾರವ್ರೆ, ಪರದೆ ತೆಗೀರಿ."

"ನಮ್ಮ ಅಳಿಯ ಇದಾನೆ, ಮತ್ಯಾರು ಇರ್ತಾರೆ?" ದೊಡ್ಡಯ್ಯನವರ ದನಿ ಏರಿತು. "ನನ್ನ ಮನೆ ಪರದೆ ತೆಗೆಯೋಕೆ ನೀನ್ಯಾವೋನು? ಕೇಳಮ್ಮ ನೀನು. ನನ್ನ ಪೆಟ್ಟಿಗೆ ಸುಳ್ಳು ಹೇಳಿದ್ದೇ ಆದ್ರೆ ಇವತ್ತೇ ಅದನ್ನೂ ಅದನ್ನ ಕಾಯೋನನ್ನೂ ಒಟ್ಟಿಗೆ ಹೊಳೆಗೆ ಎಸೀತೀನಿ."

ಹೂ ಪೆಟ್ಟಿಗೆಯ ಮೇಲೆ ಬಂದು ಕೂತಿತು. ಬುಡ್ಡಿಯ ಶಾಖಕ್ಕೆ ಅದರ ವಾಸನೆ ಒಳಗೆ ಬಂತು. ಎಷ್ಟು ಸುಲಭ, ಅಂದುಕೊಂಡ ಬಸವರಾಜು. ಗೆಣ್ಣನ್ನು ಬಲಕ್ಕೆ ಕುಟ್ಟುವುದು. 'ತಿದ್ದುಪಡಿ' ಎನ್ನುವುದು. ಪತ್ರಿಕೆಗಳು ದಿನಾ ಮಾಡುವುದಿಲ್ಲವೇ? ಹಿಂದೆ ತಿಳಿಸಿದ ಸುದ್ದಿಯಲ್ಲಿ ಸಣ್ಣ ತಪ್ಪಾಗಿದೆ, ರಂಗಸ್ವಾಮಿಯೆಂಬ ಸಿಪಾಯಿ ಬದುಕಿರುತ್ತಾನೆ, ಮನೆಗೆ ಬರುತ್ತಿದ್ದಾನೆ, ಅವನನ್ನು ಆದರದಿಂದ ಕಾಣತಕ್ಕದ್ದು. ಹದಿಮೂರು ಪದ. ಆಮೇಲೆ? ಪೆಟ್ಟಿಗೆ ಒಂದು ಸಲ ತಪ್ಪಿತೆಂದರೆ ಕೆಸರು ಬಳಿದ ಕೊಡಗಳಿಗೆಲ್ಲ ನೆನಪು ಬರುತ್ತದೆ. ಒದೆ ತಿಂದ ದರ್ಜಿಗೆ ನೆನಪು ಬರುತ್ತದೆ. ಪರದೆ ತೆಗೆಯುತ್ತಾರೆ. ತಗಡಿನ ಆಲಿಕೆಯನ್ನು ಬಾಯಿಗಿಟ್ಟುಕೊಂಡು ಚಕ್ಕಳಮಕ್ಕಳ ಕೂತ ಬಿ.ಎ. ಕಾಣಿಸುತ್ತಾನೆ, ತುಟಿಯ ಸುತ್ತ ಮಸಿಯ ಉಂಗುರ. ಇದು ಹೇಡಿತನ ಎಂದು ಅವನಿಗೆ ತಿಳಿದಿತ್ತು. ತಿಳಿದದ್ದರಿಂದ ಏನೂ ಆಗಲಿಲ್ಲ. ಹಿಂದೆ ಸೀರೆಯ ಸದ್ದಾಯಿತು. ಗಂಗಾಂಬಿಕೆ ಬಾಗಿಲಲ್ಲಿ ನಿಂತಿದ್ದಳು. ಕಾಲಿಡಬಾರದ ಕೋಣೆಗೆ ಅವಳು ಎಂದಿನಿಂದಲೋ ಬಂದು ಹೋಗುತ್ತಿದ್ದವಳ ಹಾಗೆ ಸಲೀಸಾಗಿ ಬಂದು, ಗಾಳಿಗೆ ಓಲಾಡುತ್ತಿದ್ದ ಬುಡ್ಡಿಗೆ ಅಂಗೈ ಮರೆಮಾಡಿ ಹಿಡಿದಳು. ಅವಳು ಬೇಡ ಅಂದಿದ್ದರೆ! ಬೇಡ ಅಂದಿದ್ದರೆ ಆ ದನಿಯನ್ನಾದರೂ ಅನುಕರಿಸಬಹುದಾಗಿತ್ತು.

ತಿದ್ದುಪಡಿ ಎನ್ನಲು ಅವನು ಬಾಯಿ ತೆರೆದ, ನಿಜವಾಗಿಯೂ ತೆರೆದ. ಬಾಳೆಲೆ ಕರಕರ ಎಂದಿತು. ಸೀಟಿ ಆಯಿತು. ಪರದೆಯಾಚೆ ಆ ಮೌನ ಬಿತ್ತು. ಇಷ್ಟು ಪೂರ್ತಿಯಾದ ಮೌನ ಇದುವರೆಗೆ ಬಿದ್ದಿರಲಿಲ್ಲ. ಸಂತೆಯೇ ನಿಂತಿತ್ತು, ದೊಡ್ಡಯ್ಯನವರು ಉಸಿರಾಡುತ್ತಿರಲಿಲ್ಲ, ಒಬ್ಬ ಮನುಷ್ಯನ ಬದುಕು ಅವನ ಕೆಳತುಟಿಯ ಗೆರೆಯ ಮೇಲೆ ಕೂತಿತ್ತು. ಮೂಗು ತಾನಾಗಿ ಬಿಗಿಯಾಯಿತು, ದನಿ ತಾನಾಗಿ ಎದೆಯಿಂದ ಎದ್ದಿತು. ಆ ದನಿಗೆ ಒಂದೇ ಮಾತು ಬರುತ್ತಿತ್ತು.

"ಎಚ್ಚರಿಕೆ" ಎಂದಿತು ಪೆಟ್ಟಿಗೆ. "ಎಚ್ಚರಿಕೆ. ಎಚ್ಚರಿಕೆ."

ಗೆಣ್ಣು ಎಲ್ಲಿ ಕುಟ್ಟಿತೆಂದು ಅವನು ನೋಡಲಿಲ್ಲ. ಹೂ ಬಿದ್ದ ಸದ್ದು ಕೇಳುವಂಥದ್ದಲ್ಲ. ಜನ "ಎಡಕ್ಕೆ" ಅಂದದ್ದು ಕೇಳಿತು. ಆಮೇಲೆ ಕಾಲುಗಳ ಸದ್ದು, ಅಂಗಿ ಹರಿದ ಸದ್ದು, ಕಾಯಿ ಉರುಳಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಿದ್ದ ಸದ್ದು. "ಠಾಣೆಗೆ ಎಳ್ಕೊಂಡೋಗ್ರೋ" ಎಂದು ಒಬ್ಬ. "ಯಾವ ಠಾಣೆ, ವೊಳೆಗೆ ನಡೀರ್ಲಾ" ಎಂದು ಇನ್ನೊಬ್ಬ. ಗದ್ದಲದ ನಡುವೆ ಆ ಗರಗಸದ ದನಿ ಮೂರು ಸಲ, ಪ್ರತಿಸಲವೂ ಹೆಚ್ಚು ದೂರದಿಂದ, "ಅವ್ವಾ" ಎಂದಿತು. ಬೀದಿಯ ಮೂಲೆಯಲ್ಲಿ ಬಲಕ್ಕೆ ತಿರುಗಿದರೆ ಠಾಣೆ, ಎಡಕ್ಕೆ ತಿರುಗಿದರೆ ಹೇಮಾವತಿಯ ಇಳಿಜಾರು. ಬಸವರಾಜು ಕಣ್ಣು ಮುಚ್ಚಿ ಕಿವಿಯಾಗಿ ಕೂತ. ಸದ್ದು ಮೂಲೆಯಲ್ಲಿ ಒಂದು ಗಳಿಗೆ ತಡೆಯಿತು. ಎಡಕ್ಕೆ ತಿರುಗಿತು.

"ಅಳಿಯಂದಿರೇ" ಎಂದರು ಹೊರಗಿನಿಂದ ದೊಡ್ಡಯ್ಯ. ಹಾಗೆ ಅವರು ಎಂದೂ ಕರೆದಿರಲಿಲ್ಲ. "ಎಂಥ ಪೆಟ್ಟಿಗೆ ಸ್ವಾಮಿ! ಊರು ಉಳಿಸಿಬಿಡ್ತು. ರೇವಾ, ಅವರಿಗೆ ಬಿಸಿರೊಟ್ಟಿ ಹಾಕು, ತುಪ್ಪ ಹಾಕು." ಅವರ ಚಪ್ಪಲಿ ಗುಂಪಿನ ಹಿಂದೆಯೇ ಅವಸರವಾಗಿ ಹೋಯಿತು, ನೋಡಲಿಕ್ಕೆ.

ಗಂಗಾಂಬಿಕೆ ಬುಡ್ಡಿಯ ಮೇಲಿನಿಂದ ಕೈ ತೆಗೆದಳು. ಅಂಗೈ ಕೆಂಪಾಗಿತ್ತು. "ಮೂರನೇ ಸಲ ಎಚ್ಚರಿಕೆ ಅನ್ನೋವಾಗ ದನಿ ಸ್ವಲ್ಪ ಒಡೀತು" ಎಂದಳು. "ನಾಳೆಗೆ ಇನ್ನೂ ಒಂದು ಲೋಟ ಕಷಾಯ ಮಾಡ್ತೀನಿ." ಸೆರಗಿನ ತುದಿಯಿಂದ ಅವನ ತುಟಿಯ ಸುತ್ತಲಿನ ಮಸಿಯನ್ನು, ಉಂಡ ಮಗುವಿನ ಬಾಯಿ ಒರೆಸುವಂತೆ, ಒರೆಸಿ ಒಳಗೆ ಹೋದಳು.

ಅವನೊಬ್ಬನೇ ಉಳಿದ. ಜಗಲಿಯೂ ಬರಿದಾಗಿರಬೇಕು. ಹೊಳೆಯ ಕಡೆಯ ಸದ್ದು ಈಗ ಸಂ‌ತೆಯ ಸದ್ದಿನಂತೆ, ಅರ್ಥವಿಲ್ಲದೆ, ಏರಿ ಇಳಿಯುತ್ತಿತ್ತು. ಅಳಬೇಕು ಅನ್ನಿಸಿತು. ಅಳುವುದಾದರೆ ಯಾರ ಹಾಗೆ ಎಂದು ಒಂದು ಯೋಚನೆ ಬಂತು, ಅದರ ಹಿಂದೆಯೇ ನಾಚಿಕೆ ಬಂತು, ಎರಡೂ ಹೋದವು. ಕಿವಿಯಲ್ಲಿ ಆ ಕೂಗು ಮಾತ್ರ ಉಳಿದಿತ್ತು. ಅದರ ಕೊರೆತ ಗಂಟಲಿನದಲ್ಲ, ಗಂಟಲಿಗಿಂತ ಕೆಳಗಿನದು. 'ಅ' ಎಲ್ಲೋ ಸಿಕ್ಕಿಕೊಂಡು, 'ವ್ವಾ' ಒಂದೇ ಸಲಕ್ಕೆ ಹರಿದು ಬರುತ್ತದೆ. ನಾಲಗೆ ಹಿಂದೆ ಸರಿಯಿತು. ತುಟಿಗಳು ಆ ಅಕ್ಷರಗಳ ಆಕಾರವನ್ನು ಸದ್ದಿಲ್ಲದೆ ತಾಳಿದವು. ಇಲ್ಲ, ಇನ್ನೂ ಸ್ವಲ್ಪ ಕೆಳಗಿನಿಂದ. ನೊಂದ ಗಂಟಲು ಇದಕ್ಕೆಂದೇ ನೊಂದಿತ್ತೋ ಎಂಬಂತೆ ಕೂಡಿಬಂತು. ಆಲಿಕೆ ಕೈಯಲ್ಲೇ ಇತ್ತು.

"ಅವ್ವಾ" ಅಂದ.

ತಪ್ಪಿಲ್ಲದೆ ಬಂತು. ಅವನ ಮೈ ಜುಮ್ಮೆಂದಿತು. ಪರದೆಯಾಚೆ, ಯಾರೂ ಕೈಹಿಡಿದು ಇಳಿಸದೆ ಮರೆತುಹೋದ ಜಾಗದಲ್ಲೇ ಕೂತಿದ್ದ ಮುದುಕಿಯ ಬಟ್ಟೆ ಸರಿದ ಸದ್ದಾಯಿತು. ಅವಳ ಅಂಗೈಗಳು ಪೆಟ್ಟಿಗೆಯ ಮುಖವನ್ನು, ವಿಭೂತಿಯನ್ನು, ಬೆಚ್ಚಗಿನ ಗಾಜನ್ನು ತಡವುತ್ತ ಬಂದವು.

"ರಂಗಾ?" ಎಂದಳು ದೊಡ್ಡಮ್ಮ. "ಬಂದ್ಯಾ ಮಗಾ? ಇದೇ ಕಣಪ್ಪ ನಿನ್ನ ದನಿ. ಆಗ್ಲೇ ಯಾವೋನೋ ಬಂದಿದ್ದ, ನೀನೇ ಅಂತಂದ. ನನಗೆ ಗೊತ್ತಾಗಾಕಿಲ್ವಾ? ಏಳು ಮಗಾ, ಇನ್ನೊಂದು ಕಿತಾ ಏಳು."